ಪುಟಾಣಿ ಚಟ್ನಿ, ಒಣ ಕೈ

ಮುಂಬೈಯಲ್ಲಿ ಯಾರೂ ಜಾತಿ ಕೇಳುವುದಿಲ್ಲ ಎಂದು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಿಜ, ಕೇಳುವುದಿಲ್ಲ. ಲೋಕಲ್‌ನಲ್ಲಿ ಮೈಗೆ ಮೈ ಒತ್ತಿಕೊಂಡು ನಿಂತಾಗ ಯಾರು ಯಾರನ್ನು ಕೇಳಬೇಕು? ಆದರೆ ನಮ್ಮ ಕಡೆಯ ಇಬ್ಬರು ಎದುರಾದರೆ ಸಾಕು, ಮೊದಲು ಅಡ್ಡಹೆಸರು ಕೇಳುತ್ತಾರೆ. ಅದರಲ್ಲಿ ತಿಳಿಯದಿದ್ದರೆ ಊರು. ಊರಿನಲ್ಲೂ ತಿಳಿಯದಿದ್ದರೆ ಓಣಿ. ಓಣಿ ಹೇಳಿದ ಮೇಲೆ ಮತ್ತೇನೂ ಕೇಳುವುದಿಲ್ಲ. ಕೇಳುವ ಅಗತ್ಯವೇ ಇರುವುದಿಲ್ಲ.

ಕಾಕು ಕೂಡ ಹಾಗೆಯೇ ಕೇಳಿದರು. ಎಲ್ಲರೂ ಅವರನ್ನು ಕಾಕು ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಧಾರವಾಡದವರು, ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಅಂಧೇರಿ ಪೂರ್ವದಲ್ಲಿ, ನಮ್ಮ ಚಾಳಿನಿಂದ ಎರಡು ಗಲ್ಲಿ ಆಚೆ, ನೆಲಮಹಡಿಯ ಮನೆ. ಆ ಮನೆಯ ಮುಂದಿನ ಕೋಣೆಯಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಹುರಿಗಡಲೆಯ ಪುಟಾಣಿ ಚಟ್ನಿ ಎಂಬ ಒಣ ಚಟ್ನಿಪುಡಿಗಳನ್ನು ಮಾಡಿ, ಪ್ಯಾಕೆಟ್ಟಿನಲ್ಲಿ ತುಂಬಿ, ವಿಲೆ ಪಾರ್ಲೆಯ ಅಂಗಡಿಗಳಿಗೂ ಗ್ರಾಂಟ್ ರೋಡ್‌ನ ಒಬ್ಬ ವ್ಯಾಪಾರಿಗೂ ಕಳಿಸುತ್ತಿದ್ದರು. ಊರಿನ ಹಿಂಡಿ ತಿಂದು ಬೆಳೆದವರು ಈ ಊರಲ್ಲಿ ಎಲ್ಲೆಲ್ಲೂ ಇದ್ದಾರೆ. ಕೆಲಸಕ್ಕೆ ಕೈ ಸಾಲುತ್ತಿರಲಿಲ್ಲ. ಮಗಳು ಕಾಲೇಜು ಸೇರಿದ್ದಳು, ಗಂಡನಿಗೆ ಏರ್‌ಪೋರ್ಟಿನ ಕಾರ್ಗೋದಲ್ಲಿ ಪಾಳಿ ಕೆಲಸ. ಹಗಲಿಡೀ ಒಂದೇ ಖೋಲಿಯ ನಾಲ್ಕು ಗೋಡೆ ನೋಡಿ ನನಗೆ ಸಾಕಾಗಿತ್ತು. ನಾನೇ ಹೋಗಿ ಕೇಳಿದೆ.

"ವಿಜಾಪುರದಾಗ ಯಾವ ಓಣಿಯವರವಾ ನೀವು?" ಎಂದರು ಕಾಕು.

ಹೇಳಿದೆ. ದನಿ ಇಳಿಸದೆ ಹೇಳಿದೆ.

"ಹಾಂ ಹಾಂ, ಗೊತ್ತದ, ಗೊತ್ತದ," ಎಂದರು. ಒಳಗೆ ಹೋಗಿ ಚಹಾ ತಂದರು. ಅಲ್ಲಿ ಕೆಲಸಕ್ಕಿದ್ದ ಹೆಂಗಸರಿಗೆ ಸ್ಟೀಲಿನ ಲೋಟ, ನನಗೆ ಕಾಗದದ ಕಪ್ಪು. ಚಹಾ ಚೆನ್ನಾಗಿತ್ತು, ಶುಂಠಿ ಹಾಕಿದ್ದರು.

ಕಾಕು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೈಯುವುದು ಬಹಳ ಸುಲಭವಾಗಿಬಿಡುತ್ತದೆ. ನನ್ನ ಮಗಳಿಗೆ ಡೆಂಗ್ಯೂ ಬಂದಾಗ ದಿನವೂ ಫೋನ್ ಮಾಡಿ ವಿಚಾರಿಸಿದ ಹೆಂಗಸು ಅವರೊಬ್ಬರೇ. ನಗಿಸುತ್ತಿದ್ದರು, ಊರಿನ ಸುದ್ದಿ ಹೇಳುತ್ತಿದ್ದರು. ಆದರೆ ಒಳ್ಳೆಯವರು ಮಾಡುವ ಅನ್ಯಾಯವೂ ಅನ್ಯಾಯವೇ. ನಗುತ್ತ ಮಾಡಿದರೆ ಅದು ಇನ್ನಷ್ಟು ಉರಿಯುತ್ತದೆ.

ಕೆಲಸದ ರೀತಿ ಹೀಗಿತ್ತು. ನೆಲದ ಮೇಲೆ ಚಾಪೆ, ನಡುವೆ ದೊಡ್ಡ ಪರಾತದಲ್ಲಿ ಪುಡಿ, ಸುತ್ತ ಹೆಂಗಸರು. ಪ್ಲಾಸ್ಟಿಕ್ ಪ್ಯಾಕೆಟ್ಟುಗಳು ಕಟ್ಟುಕಟ್ಟಾಗಿ ಬರುತ್ತಿದ್ದವು, ಒಂದಕ್ಕೊಂದು ಅಂಟಿಕೊಂಡು. ಒಂದರ ಬಾಯಿ ಬಿಡಿಸುವುದೇ ದೊಡ್ಡ ರಗಳೆ. ಹೊರಗಿನ ಅಂಗಡಿಯವರಾದರೆ ಬೆರಳಿಗೆ ಉಗುಳು ಹಚ್ಚುತ್ತಾರೆ, ಇಲ್ಲವೇ ಉಫ್ ಎಂದು ಊದುತ್ತಾರೆ. ಕಾಕುವಿನ ಮನೆಯಲ್ಲಿ ಅದು ಎಂಜಲು, ಮಾತೇ ಇಲ್ಲ. ಅದಕ್ಕೆ ಪರಾತದ ಪಕ್ಕ ಒಂದು ಹಿತ್ತಾಳೆಯ ಬಟ್ಟಲಲ್ಲಿ ನೀರು ಇರುತ್ತಿತ್ತು. ಎಲ್ಲರೂ ಬೆರಳ ತುದಿ ಅದ್ದಿ, ತೊಡೆಯ ಮೇಲಿನ ಟವೆಲ್ಲಿಗೆ ಒತ್ತಿ, ಆ ಹಸಿ ಬೆರಳಿನಿಂದ ಪ್ಯಾಕೆಟ್ಟಿನ ಅಂಚು ಸವರಿದರೆ ಅದು ತಟಕ್ಕನೆ ಬಾಯಿ ಬಿಡುತ್ತಿತ್ತು. ತುಂಬಿದ್ದನ್ನು ಅವರವರ ಬುಟ್ಟಿಗೆ ಹಾಕಬೇಕು. ಬೆಳಗಾವಿಯ ವೈನಿ, ಎಲ್ಲರಿಗೂ ಅತ್ತಿಗೆಯಂಥವರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು, ಕೊನೆಗೆ ಎಲ್ಲರ ಬುಟ್ಟಿಯನ್ನೂ ಸೀಲಿಂಗ್ ಮಷೀನಿಗೆ ಕೊಡುತ್ತಿದ್ದರು. ಒಬ್ಬೊಬ್ಬರ ಬುಟ್ಟಿ ಒಂದೊಂದು ರಟ್ಟಿನ ಖೋಕಾ ಆಗಿ ಅಂಗಡಿಗೆ ಹೋಗುತ್ತಿತ್ತು.

ನನಗೆ ಚಾಪೆಯ ಮೇಲೆ ಜಾಗವಿರಲಿಲ್ಲ. ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಸ್ಟೂಲು, ಎದುರಿಗೊಂದು ಚಿಕ್ಕ ಮೇಜು, ಬೇರೆ ಡಬ್ಬಿಯಲ್ಲಿ ಪುಡಿ. "ಇಲ್ಲೆ ನಿನಗ ಗಾಳಿ ಛಲೋ ಬರ್ತದ," ಎಂದರು ಕಾಕು. ಆಮೇಲೆ, ಬಟ್ಟಲ ಕಡೆ ನೋಡದೆ, "ನೀರಿಗೆ ಕೈ ಹಚ್ಚಬ್ಯಾಡವಾ. ಒಣಾದಕ್ಕ ಏನೂ ಇಲ್ಲ, ನೀರಿಗೆ ಇರ್ತದ. ಶ್ರಾದ್ಧಕ್ಕ, ಹಬ್ಬಕ್ಕ ಒಯ್ಯೋ ಮಂದಿ ಇರ್ತಾರ ನೋಡು. ಅವರು ಕೇಳ್ತಾರ, ನಾ ಅಲ್ಲ," ಎಂದರು.

ಈ ಶಾಸ್ತ್ರ ನನಗೆ ಹೊಸದಲ್ಲ. ಒಣ ಜೋಳ ನಮ್ಮ ಕೈಯಿಂದ ಎಲ್ಲರ ಮನೆಗೂ ಹೋಗುತ್ತದೆ, ಅದಕ್ಕೆ ನೀರು ಬಿದ್ದರೆ ಮಾತ್ರ ಮೈಲಿಗೆ. ಒಣ ಪುಡಿ ನಾನು ಮುಟ್ಟಬಹುದು, ನೀರು ಮುಟ್ಟುವಂತಿಲ್ಲ. ಅಂಧೇರಿಯಲ್ಲಿ ತಲೆಯ ಮೇಲೆ ಮೆಟ್ರೋ ಓಡುತ್ತಿರುತ್ತದೆ, ಕೆಳಗೆ ಈ ಶಾಸ್ತ್ರ ಹಾಯಾಗಿ ಚಾಪೆ ಹಾಸಿ ಕುಳಿತಿರುತ್ತದೆ. ನನಗೆ ಸಿಟ್ಟು ಬಂತು. ಕೆಲಸವೂ ಬೇಕಿತ್ತು. ಅವತ್ತು ಕೆಲಸ ಗೆದ್ದಿತು.

ಒಣ ಕೈಯಲ್ಲಿ ಪ್ಯಾಕೆಟ್ಟು ಬಿಡಿಸುವುದಕ್ಕೆ ನಾನೇ ಒಂದು ದಾರಿ ಕಂಡುಕೊಂಡೆ. ಪ್ಯಾಕೆಟ್ಟನ್ನು ತೊಡೆಯ ಮೇಲೆ, ಸೀರೆಗೆ ಒತ್ತಿ ಎರಡು ಸಲ ಜೋರಾಗಿ ಉಜ್ಜಿದರೆ ಪದರ ಸರಿದು ಬಾಯಿ ಬಿಡುತ್ತಿತ್ತು. ನನ್ನದು ದಿನಬಳಕೆಯ ಪಾಲಿಯೆಸ್ಟರ್ ಸೀರೆ, ಒಗೆದರೆ ಗಂಟೆಯಲ್ಲಿ ಒಣಗುವಂಥದ್ದು. ಹೋಳಿ ಹುಣ್ಣಿಮೆ ಕಳೆದ ಮೇಲೆ ಸೇರಿದವಳು ನಾನು. ಬೇಸಿಗೆಯ ಬೆವರಿನಲ್ಲಿ, ಮಳೆಗಾಲದ ತೇವದಲ್ಲಿ, ನನ್ನ ಕೈ ಎಲ್ಲರಿಗಿಂತ ಚುರುಕು ಎಂದು ಹೆಸರಾಯಿತು. ವೈನಿಯಂತೂ, "ಏನ್ ಕೈ ಅನ್ರಿ ಇಕೀದು, ಮಷೀನ್ ಆಗೇತಿ ಬರೋಬರಿ," ಎಂದು ಎಲ್ಲರೆದುರು ಅಂದರು. ಹಿಗ್ಗಿದೆ. ಇಲ್ಲವೆಂದು ಯಾಕೆ ಹೇಳಲಿ?

ಆ ಹೆಸರು ಚಳಿಗಾಲದಲ್ಲಿ ತಲೆಕೆಳಗಾಯಿತು. ಮುಂಬೈಯ ಚಳಿ ಎಂದರೆ ನಮ್ಮ ಊರಿನವರು ನಗುತ್ತಾರೆ. ಆದರೂ ಸಂಕ್ರಾಂತಿಗೆ ಮುಂಚೆ ಕೆಲವು ವಾರ ಗಾಳಿ ಒಣಗುತ್ತದೆ, ತುಟಿ ಒಡೆಯುತ್ತದೆ, ಬಾಚಣಿಗೆಗೆ ಕೂದಲು ಎದ್ದು ಬರುತ್ತದೆ. ಹಬ್ಬಕ್ಕೆ ಗ್ರಾಂಟ್ ರೋಡ್‌ನ ವ್ಯಾಪಾರಿ ಪುಟಾಣಿ ಚಟ್ನಿ ಜಾಸ್ತಿ ಕೇಳಿದ್ದ. ಶೇಂಗಾ ಹಿಂಡಿಯಲ್ಲಿ ಎಣ್ಣೆ ಇರುತ್ತದೆ, ಹಾಕಿದ ಕಡೆ ಕೂರುತ್ತದೆ. ಪುಟಾಣಿ ಚಟ್ನಿ ಹಾಗಲ್ಲ. ಹುರಿಗಡಲೆಯ ಹಿಟ್ಟಿಗೆ ಖಾರ, ಉಪ್ಪು, ಸಕ್ಕರೆ ಬೆರೆಸಿದ ಒಣಾ ಒಣ ಪುಡಿ. ನಾನು ಚಮಚೆಯಿಂದ ಹಾಕಿದರೆ ಅದು ಕೆಳಗೆ ಇಳಿಯುವ ಬದಲು ಪ್ಯಾಕೆಟ್ಟಿನ ಒಳಗೋಡೆಗೆ ಹತ್ತಿಕೊಳ್ಳತೊಡಗಿತು. ಬಾಯಿಯ ಅಂಚಿಗೆ ಅಂಟಿ ನಿಂತಿತು. ಬೆರಳಿನಿಂದ ಝಾಡಿಸಿದರೂ ಬೀಳದು. ಅದರ ಮೇಲೇ ಸೀಲು ಒತ್ತಿದರೆ ಎರಡು ಅಂಚಿನ ನಡುವೆ ಪುಡಿ ಕುಳಿತು ಪ್ಲಾಸ್ಟಿಕ್ ಕೂಡುತ್ತಲೇ ಇರಲಿಲ್ಲ. ನೋಡಲು ಮುಚ್ಚಿದಂತೆ, ಒತ್ತಿದರೆ ಬಿಚ್ಚಿದಂತೆ.

ಒಂದು ಖೋಕಾ ಪೂರಾ ವಾಪಸ್ ಬಂತು. ಒಳಗೆಲ್ಲ ಹಳದಿ ಪುಡಿ ಚೆಲ್ಲಿತ್ತು. ವ್ಯಾಪಾರಿ ಫೋನಿನಲ್ಲಿ ಕಾಕುವಿಗೆ ಏನೇನು ಅಂದನೋ, ಕಾಕುವಿನ ಮುಖ ಸಣ್ಣದಾಗಿತ್ತು. ಖೋಕಾ ಯಾವ ಬುಟ್ಟಿಯದೆಂದು ನೋಡಿದರೆ ನನ್ನದು. ಉಳಿದವರ ಒಂದು ಪ್ಯಾಕೆಟ್ಟೂ ಬಿಚ್ಚಿರಲಿಲ್ಲ.

ಮೊದಲು ಎಲ್ಲರೂ ನಾನು ಗಡಿಬಿಡಿ ಮಾಡುತ್ತೇನೆ ಅಂದರು. ನಿಧಾನ ಮಾಡಿದೆ. ಇನ್ನೂ ಹೆಚ್ಚು ಅಂಟಿತು, ಯಾಕೆಂದರೆ ನಿಧಾನ ಎಂದರೆ ಇನ್ನೂ ಎರಡು ಸಲ ಉಜ್ಜುವುದು. ಸೀಲಿಂಗ್ ಮಷೀನಿನ ಬಿಸಿ ಏರಿಸಿ ನೋಡಿದರು. ನನ್ನ ಡಬ್ಬಿಯ ಪುಡಿ ತೆಗೆದು ಪರಾತದ ಪುಡಿ ಕೊಟ್ಟರು. ಏನೂ ಆಗಲಿಲ್ಲ. ಆಗ ಚಾಪೆಯ ಮೇಲಿದ್ದವರಲ್ಲಿ ಒಬ್ಬಾಕೆ ಆ ಮಾತು ಅಂದಳು: "ಕೈಗುಣ ಇರ್ತದ್ರಿ. ಕೆಲವರ ಕೈಗೆ ಏನೂ ಕೂಡಿ ಬರೂದಿಲ್ಲ."

ಇನ್ನೊಬ್ಬಳು ತಲೆಯಾಡಿಸಿದಳು. ಕಾಕು ಎದ್ದು ಬಂದು ನನ್ನ ಮೇಜಿನ ಮುಂದೆ ನಿಂತರು. ಬಹಳ ಮೃದುವಾಗಿ ಹೇಳಿದರು: "ಹಿಂಗ ಮಾಡೋಣವಾ. ಹಬ್ಬ ಮುಗಿಯೂತನಾ ನೀ ತುಂಬೂದು ಬ್ಯಾಡ. ಹಿತ್ತಲದಾಗ ಶೇಂಗಾದ ಸಿಪ್ಪಿ ತಗಿ. ಸಿಟ್ಟ ಮಾಡ್ಕೋಬ್ಯಾಡ, ಕೈಗುಣಕ್ಕ ಯಾರೇನ್ ಮಾಡೂದು?"

ನನ್ನ ಜೀವಮಾನದಲ್ಲಿ ಬಹಳ ಮಾತು ಕೇಳಿದ್ದೇನೆ. ಓಣಿಯ ಮಾತು, ಅಡ್ಡಹೆಸರಿನ ಮಾತು. ಅವೆಲ್ಲ ನಾನು ಹುಟ್ಟುವ ಮೊದಲೇ ಇದ್ದವು, ಅವುಗಳಿಗೆ ನಾನು ಉತ್ತರ ಕೊಡಬೇಕಾಗಿರಲಿಲ್ಲ. ಆದರೆ ನನ್ನ ಕೈಯನ್ನು ಯಾರೂ ಅಂದಿರಲಿಲ್ಲ. ಈ ಕೈ ಬಿ.ಎಸ್ಸಿ. ಪರೀಕ್ಷೆ ಬರೆದದ್ದು, ಮಗಳನ್ನು ಎತ್ತಿದ್ದು, ರೊಟ್ಟಿ ತಟ್ಟಿದ್ದು. ಅದು ಕೆಟ್ಟದ್ದು ಎಂದು ಈ ಕೋಣೆಯಲ್ಲಿ ನಗುತ್ತ ತೀರ್ಮಾನವಾಗಿಹೋಯಿತು. ಸಿಪ್ಪೆ ತೆಗೆಯುವುದಿಲ್ಲ, ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದೆ. ಹೊರಡುವಾಗ ಮೇಜಿನ ಮೇಲಿನ ಖಾಲಿ ಪ್ಯಾಕೆಟ್ಟಿನ ಒಂದು ಕಟ್ಟನ್ನು, ಎಲ್ಲರೂ ನೋಡುತ್ತಿರುವಂತೆಯೇ, ಚೀಲಕ್ಕೆ ಹಾಕಿಕೊಂಡೆ.

ಮನೆಯಲ್ಲಿ ಮಗಳಿಗೆ ಹೇಳಿದೆ. ಅವಳು ವಿಲೆ ಪಾರ್ಲೆಯ ಕಾಲೇಜಿನಲ್ಲಿ ಕಾಮರ್ಸ್ ಓದುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಇಳಿದುಬಿಡುತ್ತಾಳೆ.

"ಮಮ್ಮಿ, ಛೋಡ್ ನಾ. ಬೇರೆ ಕಡೆ ಕಾಮ್ ನೋಡು. ಆ ಲೇಡೀಸ್ ಪೂರಾ... ಏನಂತಾರ ಅದಕ್ಕ, ಬ್ಯಾಕ್‌ವರ್ಡ್ ಹೈ."

"ಬಿಡ್ತೀನಿ. ಆದ್ರ ಈ ಹೆಸರು ಹಚ್ಕೊಂಡು ಬಿಡಾಂಗಿಲ್ಲ," ಎಂದೆ. "ಮೊದ್ಲ ಇದು ಯಾಕ ಹತ್ತತೈತಿ ನೋಡ್ತೀನಿ."

ಅಡುಗೆ ಕಟ್ಟೆಯ ಮೇಲೆ ಒಂದು ತಟ್ಟೆಯಲ್ಲಿ ಪುಟಾಣಿ ಹಿಟ್ಟು ಹರಡಿದೆ. ನನಗೆ ಮೊದಲು ಬಂದ ಅನುಮಾನ ಪುಡಿಯ ಮೇಲೆಯೇ. ಮಿಕ್ಸರಿನಲ್ಲಿ ಗರಗರ ತಿರುಗಿ ಪುಡಿಗೆ ಚಾರ್ಜ್ ಹತ್ತಿರಬೇಕು, ಅದಕ್ಕೇ ಹೋಗಿ ಪ್ಲಾಸ್ಟಿಕ್ಕಿಗೆ ಅಂಟುತ್ತಿದೆ ಎಂದುಕೊಂಡೆ. ಕಟ್ಟಿನಿಂದ ಒಂದು ಪ್ಯಾಕೆಟ್ಟನ್ನು ಉಜ್ಜದೆ, ಮೆಲ್ಲಗೆ ತೆಗೆದು, ಅದರಲ್ಲಿ ಮೊದಲೇ ಚಾರ್ಜ್ ಇದ್ದರೆ ಹೋಗಲೆಂದು ಹಬೆಯಾಡುವ ಪಾತ್ರೆಯ ಮೇಲೆ ಸ್ವಲ್ಪ ಹಿಡಿದು, ಒರೆಸಿ, ಹಿಟ್ಟಿನ ಮೇಲೆ ಹಿಡಿದೆ. ಏನೂ ಆಗಲಿಲ್ಲ. ಅದೇ ಪ್ಯಾಕೆಟ್ಟನ್ನು ಸೀರೆಗೆ ಎರಡು ಸಲ ಉಜ್ಜಿ ಹಿಡಿದೆ. ಹಿಟ್ಟು ಎದ್ದು ಹಾರಿ ಬಂದು ಅಂಟಿತು. ಅಂದರೆ ಪುಡಿಯ ತಪ್ಪಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ನಾನೂ ಸುಮ್ಮನಿದ್ದ ಪುಡಿಯನ್ನೇ ಹಿಡಿದಿದ್ದೆ.

ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ತಂದಿಟ್ಟೆ. ರವೆ, ಸಕ್ಕರೆ, ಕಾಗದದ ಚೂರು, ಥರ್ಮೋಕೋಲಿನ ಪುಡಿ, ಗಸಗಸೆ. ಉಜ್ಜಿದ ಪ್ಯಾಕೆಟ್ಟು ಎಲ್ಲವನ್ನೂ ಎಳೆಯಿತು. ಇವುಗಳಲ್ಲಿ ಯಾವುದಕ್ಕೂ ಚಾರ್ಜ್ ಇರಲಿಲ್ಲ, ಯಾವುದನ್ನೂ ಯಾರೂ ಉಜ್ಜಿರಲಿಲ್ಲ. ಗಾಜಿನ ಲೋಟವೊಂದನ್ನು ಗ್ಯಾಸಿನ ಮೇಲೆ ಬಿಸಿ ಮಾಡಿ ಒಣಗಿಸಿ, ಕುಪ್ಪಸಕ್ಕೆಂದು ಇಟ್ಟ ರೇಷ್ಮೆಯ ಖಣದಿಂದ ತಿಕ್ಕಿದೆ. ಗಾಜಿಗೆ ಬರುವ ಚಾರ್ಜ್ ಪ್ಲಾಸ್ಟಿಕ್ಕಿಗೆ ಬರುವುದರ ವಿರುದ್ಧ. ಹಾಗಾದರೆ ಗಾಜು ಹಿಟ್ಟನ್ನು ದೂರ ತಳ್ಳಬೇಕಲ್ಲ? ಇಲ್ಲ, ಅದೂ ಎಳೆಯಿತು. ಮಗಳು ಮೊಬೈಲು ಬದಿಗಿಟ್ಟು ಬಂದು ನಿಂತಳು.

"ಹಿಟ್ಟಿನಾಗ ಕುಛ್ ಚಾರ್ಜ್ ಇಲ್ಲ ಅಂದ್ರ ಅದನ್ನ ಯಾಕ ಎಳೀತೈತಿ?"

ಅವಳು ಕೇಳಿದ ಆ ಪ್ರಶ್ನೆ ನನ್ನನ್ನು ವಿಜಾಪುರದ ಕಾಲೇಜಿನ ಪ್ರಯೋಗಶಾಲೆಗೆ ಎಳೆದುಕೊಂಡು ಹೋಯಿತು. ದಾರದಲ್ಲಿ ತೂಗಿದ ಒಂದು ಹಗುರ ಬೆಂಡಿನ ಗುಂಡು, ಕರಿಯ ಎಬೊನೈಟ್ ಕೋಲು. ನಮ್ಮ ಮೇಡಂ ಹೇಳಿದ್ದು ನೆನಪಾಯಿತು: ಎಳೆದುಕೊಂಡಿತು ಎಂದ ಮಾತ್ರಕ್ಕೆ ಗುಂಡಿನಲ್ಲಿ ಚಾರ್ಜ್ ಇದೆ ಎಂದು ಬರೆಯಬೇಡಿ, ಸೊನ್ನೆ ಕೊಡುತ್ತೇನೆ. ಚಾರ್ಜ್ ಇಲ್ಲದ ವಸ್ತುವಿನಲ್ಲಿ ಧನವೂ ಋಣವೂ ಸಮಸಮ ಇರುತ್ತವೆ. ಲೋಹವಾದರೆ ಋಣದ ಕಣಗಳು ಊರೆಲ್ಲ ಓಡಾಡುತ್ತವೆ. ಹಿಟ್ಟು, ಕಾಗದ, ಸಕ್ಕರೆಯಂಥವುಗಳಲ್ಲಿ ಓಡಾಡಲಾರವು, ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಆದರೂ ಹೊರಗೆ ಚಾರ್ಜ್ ಬಂದು ನಿಂತರೆ ಒಂದೊಂದು ಅಣುವಿನೊಳಗೂ ಕೂದಲೆಳೆಗಿಂತ ಕಡಿಮೆ ಸರಿದಾಟವಾಗುತ್ತದೆ. ಬಂದವನಿಗೆ ವಿರುದ್ಧವಾದದ್ದು ಈ ಕಡೆ, ಅವನಂಥದ್ದು ಆ ಕಡೆ. ಈ ಕಡೆಯದು ಹತ್ತಿರ, ಆದ್ದರಿಂದ ಎಳೆತ ಜಾಸ್ತಿ. ಆ ಕಡೆಯದು ದೂರ, ಆದ್ದರಿಂದ ತಳ್ಳುವುದು ಕಡಿಮೆ. ಕೂಡಿ ಕಳೆದರೆ ಉಳಿಯುವುದು ಎಳೆತ. ಬಂದದ್ದು ಧನವಾಗಲಿ ಋಣವಾಗಲಿ, ಫಲ ಒಂದೇ.

ಮಗಳಿಗೆ ಇದನ್ನು ಹಿಂದಿ ಬೆರೆಸಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಸಿಟ್ಟು ಏರಿತು. ಅಂಟಿತು ಎಂದರೆ ಅಂಟಿದ್ದರಲ್ಲೇ ಏನೋ ದೋಷ ಇರಬೇಕು ಎಂದು ಲೋಕವೆಲ್ಲ ತಿಳಿಯುತ್ತದೆ. ನನಗೆ ಕಳಂಕ ಅಂಟಿದಾಗಲೂ ಹಾಗೆಯೇ ತಿಳಿದರು. ಒಳಗೆ ಏನೂ ಇಲ್ಲದವರಿಗೂ ಅದು ಅಂಟುತ್ತದೆ, ಪಕ್ಕದಲ್ಲಿ ಯಾರೋ ಉಜ್ಜಿಕೊಂಡು ನಿಂತಿದ್ದರೆ ಸಾಕು. ಮೇಡಂ ಇನ್ನೊಂದು ಮಾತು ಹೇಳಿದ್ದರು, ತಳ್ಳಿದರೆ ಮಾತ್ರ ಎರಡರಲ್ಲೂ ಚಾರ್ಜ್ ಇರುವುದು ಖಾತ್ರಿ ಎಂದು. ಸರಿ, ನನ್ನನ್ನು ಬಾಗಿಲಿಗೆ ತಳ್ಳಿದ್ದಾರೆ. ಹಾಗಾದರೆ ನನ್ನಲ್ಲೂ ಒಂದಿಷ್ಟು ಇದೆ, ತೋರಿಸುತ್ತೇನೆ ಎಂದುಕೊಂಡೆ.

ಉಳಿದದ್ದು ಒಂದೇ ಪ್ರಶ್ನೆ. ಉಳಿದ ಹೆಂಗಸರೂ ಅದೇ ಪ್ಯಾಕೆಟ್ಟು ಸವರುತ್ತಾರೆ, ಅವರದ್ದೇಕೆ ಅಂಟುವುದಿಲ್ಲ? ನಲ್ಲಿಯ ಕೆಳಗೆ ಬೆರಳು ಹಿಡಿದು, ಒತ್ತಿ ಒರೆಸಿ, ಅವರು ಮಾಡುವಂತೆಯೇ ಹೊಸ ಪ್ಯಾಕೆಟ್ಟಿನ ಅಂಚು ಸವರಿದೆ. ಹಿಟ್ಟಿನ ಮೇಲೆ ಹಿಡಿದೆ. ಹಿಟ್ಟು ಅಲುಗಲಿಲ್ಲ. ಅಂಟಿಸಿಕೊಂಡಿದ್ದ ಪ್ಯಾಕೆಟ್ಟನ್ನೇ ಹಸಿ ಬೆರಳಿನಿಂದ ಒಳಗೂ ಹೊರಗೂ ಸವರಿ, ಒರೆಸಿ, ಮತ್ತೆ ಹಿಡಿದೆ. ಆಗಲೂ ಅಲುಗಲಿಲ್ಲ. ತೇವದ ತೆಳು ಪದರದ ಮೇಲೆ ಚಾರ್ಜ್ ಹರಿದು ಹೋಗುತ್ತದೆ, ನಿಲ್ಲುವುದಿಲ್ಲ.

ತಟ್ಟೆಯ ಮುಂದೆ ಹಾಗೇ ಕುಳಿತೆ. ಎಷ್ಟು ಸರಳ. ಅವರು ಬಟ್ಟಲಿಗೆ ಕೈ ಅದ್ದುತ್ತಾರೆ, ಅವರ ಪ್ಯಾಕೆಟ್ಟಿನಲ್ಲಿ ಚಾರ್ಜ್ ನಿಲ್ಲುವುದಿಲ್ಲ. ನನ್ನನ್ನು ಬಟ್ಟಲಿನಿಂದ ದೂರ ಇಟ್ಟರು, ನಾನು ಒಣ ಸೀರೆಗೆ ಉಜ್ಜಿದೆ. ಬೇಸಿಗೆಗೆ ಬೆವರು ನನ್ನನ್ನು ಕಾಯಿತು, ಮಳೆಗಾಲಕ್ಕೆ ಗಾಳಿಯ ತೇವ ಕಾಯಿತು. ಚಳಿಗಾಲದಲ್ಲಿ ಕಾಯುವವರು ಯಾರೂ ಇರಲಿಲ್ಲ. ನನ್ನ ಕೈಗೆ ಆ ಕೆಟ್ಟ ಗುಣ ಬಂದದ್ದು ಅವರ ಮಡಿಯಿಂದ. ಇಷ್ಟು ಗೊತ್ತಾದ ಮೇಲೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಕೆನ್ನೆ ಬಿಸಿಯಾಯಿತು.

ಮರುದಿನ ಬೆಳಿಗ್ಗೆ ಎಲ್ಲರೆದುರು ಮಾಡಿ ತೋರಿಸಿದೆ. ಉಪನ್ಯಾಸ ಕೊಡಲಿಲ್ಲ. ಒಂದು ಪ್ಯಾಕೆಟ್ಟು ಸೀರೆಗೆ ಉಜ್ಜಿ ಪುಡಿಯ ಮೇಲೆ ಹಿಡಿದೆ, ಪುಡಿ ಎದ್ದಿತು. ನನ್ನ ಕುಡಿಯುವ ಬಾಟಲಿಯ ನೀರಿನಲ್ಲಿ ಬೆರಳು ನೆನೆಸಿ ಇನ್ನೊಂದನ್ನು ಸವರಿ ಹಿಡಿದೆ, ಪುಡಿ ಸುಮ್ಮನಿತ್ತು. ಆಮೇಲೆ ವೈನಿಯ ಕೈಯಲ್ಲಿ ಒಣ ಪ್ಯಾಕೆಟ್ಟು ಕೊಟ್ಟು, ಇದನ್ನು ನನ್ನ ಸೀರೆಗೆ ಉಜ್ಜಿ ನೋಡಿ ಅಂದೆ. ವೈನಿಯ ಪ್ಯಾಕೆಟ್ಟಿಗೂ ಅಂಟಿತು.

"ಅಯ್ಯ ನನ್ನವ್ವನ! ನನಗೂ ಹತ್ತತಲ್ರಿ! ಹಂಗಾರ ನಂದೂ ಕೈಗುಣ ಕೆಟ್ಟತೇನು?" ಎಂದು ವೈನಿ ನಕ್ಕರು.

ಕಾಕು ನಗಲಿಲ್ಲ. ಅವರು ಬುದ್ಧಿವಂತೆ, ಹೇಳಿದ್ದಕ್ಕಿಂತ ಹೆಚ್ಚು ಅರ್ಥ ಮಾಡಿಕೊಂಡಿದ್ದರು. ಪುಡಿಯನ್ನು, ನನ್ನ ಬೆರಳನ್ನು, ಬಟ್ಟಲನ್ನು ಒಂದಾದ ಮೇಲೆ ಒಂದು ನೋಡಿದರು. "ಖರೇ ಅದ," ಎಂದರು. "ನೀರಿಂದ ಆಗ್ತದ. ಕೈಗುಣ ಅಂದದ್ದು ತಪ್ಪು. ಮನಸ್ಸಿಗೆ ಹಚ್ಕೋಬ್ಯಾಡವಾ." ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದಾಯಿತು. ಬಂದಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ಕಿನ ವಾಟಿ ಇತ್ತು, ಹೊಸದು, ಅಂಟಿಸಿದ ಚೀಟಿ ಕೂಡ ಕಿತ್ತಿರಲಿಲ್ಲ. ಅದರಲ್ಲಿ ನೀರು ತುಂಬಿತ್ತು. ತಂದು ನನ್ನ ಮೇಜಿನ ಮೇಲೆ ಇಟ್ಟರು.

"ಇದು ನಿನಗ. ನಿಂದಽ," ಎಂದರು. ಮುಖದ ತುಂಬ ನಗೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಕ್ಷಣ ನಾನೂ ತೂಗಿ ನೋಡಿದೆ, ಸುಳ್ಳು ಹೇಳುವುದಿಲ್ಲ. ವಾಟಿ ತೆಗೆದುಕೊಂಡರೆ ಪ್ಯಾಕೆಟ್ಟು ಸರಿಯಾಗುತ್ತದೆ, ಕೆಲಸ ಉಳಿಯುತ್ತದೆ, ಹೆಸರೂ ತಿರುಗಿ ಬರುತ್ತದೆ. ಬಿಟ್ಟರೆ ಎಲ್ಲವೂ ಹೋಗಬಹುದು. ಆದರೆ ನಿನ್ನೆ ರಾತ್ರಿ ನಾನು ಕಂಡುಹಿಡಿದದ್ದು ನನಗೊಂದು ಬೇರೆ ವಾಟಿ ಬೇಕು ಎಂದಲ್ಲ.

ಸ್ಟೂಲಿನಿಂದ ಎದ್ದೆ. ಪ್ಯಾಕೆಟ್ಟಿನ ಕಟ್ಟು ತೆಗೆದುಕೊಂಡು ಹೋಗಿ ಚಾಪೆಯ ಮೇಲೆ, ವೈನಿ ಮತ್ತು ಕಾಕುವಿನ ಜಾಗದ ನಡುವೆ ಕುಳಿತೆ. ಹಿತ್ತಾಳೆಯ ಬಟ್ಟಲಿನಲ್ಲಿ ಕೈ ಅದ್ದಿದೆ. ಬೆರಳ ತುದಿಯಷ್ಟೇ ಅಲ್ಲ, ಗೆಣ್ಣಿನ ತನಕ.

ಫ್ಯಾನು ತಿರುಗುತ್ತಿತ್ತು. ಕೈಗುಣದ ಮಾತು ಎತ್ತಿದ್ದ ಹೆಂಗಸು ತನ್ನ ಹಸಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಹೊರಗೆ ಹೋಗು ಎನ್ನುತ್ತಾರೆ ಎಂದು ಕಾದೆ. ಎಂದರೆ ಏನು ಹೇಳಬೇಕೆಂದೂ ಸಿದ್ಧ ಮಾಡಿಕೊಂಡಿದ್ದೆ, ಅದು ಇಲ್ಲಿ ಬರೆಯುವಂಥದ್ದಲ್ಲ. ಕಾಕು ಅದನ್ನು ಹೇಳಲಿಲ್ಲ. ಟೆಂಪೋ ಸಂಜೆಗೆ ಬರುವುದಿತ್ತು, ಹಬ್ಬದ ಮಾಲು, ಒಂದು ಜೊತೆ ಕೈ ಕಳೆದುಕೊಳ್ಳುವ ಹಾಗಿರಲಿಲ್ಲ. "ನನ್ನ ಮೊಣಕಾಲು ಭಾಳ ನೋಯ್ತಾವ, ನಾ ಮ್ಯಾಲೆ ಕೂಡ್ತೀನಿ," ಎಂದು ತಮ್ಮ ಕಟ್ಟು, ತಮ್ಮ ಪಾಲಿನ ಪುಡಿ ತೆಗೆದುಕೊಂಡು ಬಾಗಿಲ ಬಳಿಗೆ ಹೋದರು. ನನ್ನ ಸ್ಟೂಲಿನ ಮೇಲೆ ಕುಳಿತರು. ನನಗೆಂದು ತಂದ ವಾಟಿಯನ್ನು ಒಂದು ಬೆರಳಿನಿಂದ ಮೇಜಿನ ಆ ತುದಿಗೆ ಸರಿಸಿದರು. ನನ್ನ ಹೆಸರಿನ ನೀರು ಅವರಿಗೆ ಆಗದು, ಇನ್ನೊಂದು ಬಟ್ಟಲು ತಂದುಕೊಂಡರೆ ಮೊಣಕಾಲಿನ ನೆಪ ಬಯಲಾಗುತ್ತಿತ್ತು.

ವೈನಿ ನನ್ನ ಮುಖ ನೋಡಿದರು, ಬಟ್ಟಲು ನೋಡಿದರು, ಆಮೇಲೆ ತಮ್ಮ ಬೆರಳು ಅದ್ದಿದರು. "ನನಗ ಹೊತ್ತಿಲ್ಲವಾ ಇದಕ್ಕೆಲ್ಲಾ," ಎಂದು ಗೊಣಗಿದರು. ಅದು ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಉಳಿದ ಇಬ್ಬರು ಸ್ವಲ್ಪ ಹೊತ್ತು ಒಣ ಬೆರಳಿನಿಂದ ಪ್ಯಾಕೆಟ್ಟು ಕೆರೆದರು. ಅದು ಬಾಯಿ ಬಿಡುವ ಹಾಗೆ ಕಾಣಲಿಲ್ಲ. ಕೊನೆಗೆ ಒಬ್ಬಳು, ಅವಳ ಹಿಂದೆ ಇನ್ನೊಬ್ಬಳು, ಬೇರೆ ಕಡೆ ನೋಡುತ್ತ ಅದ್ದಿದರು.

ಕಾಕು ಉಟ್ಟದ್ದು ಇಳಕಲ್ಲಿನ ಹತ್ತಿಯ ಸೀರೆ. ಅವರು ಪ್ಯಾಕೆಟ್ಟನ್ನು ಅದರ ಸೆರಗಿಗೆ ಉಜ್ಜಿ ಬಿಡಿಸುತ್ತಿದ್ದರು. ಹತ್ತಿಯಾದರೇನು, ಒಣಗಿದ್ದರೆ ಸಾಕು. ಮಧ್ಯಾಹ್ನ ಬಿಸಿಲು ಬಾಗಿಲಿಗೆ ಬಂತು, ಗಾಳಿ ಇನ್ನೂ ಒಣಗಿತು. ನಾನು ತಿರುಗಿ ನೋಡಬಾರದು ಎಂದುಕೊಂಡಿದ್ದೆ. ಆದರೂ ನೋಡಿದೆ. ಅವರ ಚಮಚೆಯಿಂದ ಪುಡಿ ಬಿದ್ದಂತೆ ಅದು ಪ್ಯಾಕೆಟ್ಟಿನ ಗೋಡೆಗೆ ಹತ್ತುತ್ತಿತ್ತು. ಅವರು ಝಾಡಿಸುತ್ತಿದ್ದರು, ಬೆರಳಿನಿಂದ ಟಕಟಕ ಹೊಡೆಯುತ್ತಿದ್ದರು. ಆ ಎರಡು ಹೊಡೆತ ನನಗೆ ಚೆನ್ನಾಗಿ ಪರಿಚಯ. ಪಾಪ ಅನ್ನಿಸಲಿಲ್ಲ. ಇರಲಿ, ಇನ್ನೂ ಸ್ವಲ್ಪ ಹತ್ತಲಿ ಅನ್ನಿಸಿತು.

ವೈನಿ ಸೀಲಿಂಗ್ ಮಷೀನಿನ ಮುಂದೆ ಕುಳಿತು ಬುಟ್ಟಿಗಳನ್ನು ಎಳೆದುಕೊಂಡರು. ನನ್ನ ಬುಟ್ಟಿ ಮುಗಿಯಿತು. ಒಂದೊಂದನ್ನೂ ಒತ್ತಿ ನೋಡಿ ಖೋಕಾಕ್ಕೆ ಹಾಕಿದರು, ಒಂದೂ ಬಿಚ್ಚಲಿಲ್ಲ. ಆಮೇಲೆ ಕಾಕುವಿನ ಬುಟ್ಟಿ. ವೈನಿಯ ಕೈ ನಿಂತಿತು.

"ಕಾಕು, ಇವು ಕೂಡವಲ್ಲವು ನೋಡ್ರಿ. ಬಾಯಾಗ ಪುಡಿ ನಿಂತೈತಿ."

ಕಾಕು ಇನ್ನೊಂದು ಪ್ಯಾಕೆಟ್ಟನ್ನು ಸೆರಗಿಗೆ ಉಜ್ಜಿದರು. ಆ ಕೋಣೆಯಲ್ಲಿ ಅವರ ಕೈಗುಣದ ಬಗ್ಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಗಲ್ಲಿಯ ತುದಿಯಲ್ಲಿ ಟೆಂಪೋದ ಹಾರ್ನು ಕೇಳಿತು. ಕಾಕುವಿನ ಪಾಲಿನದು ಅರ್ಧವೂ ಆಗಿರಲಿಲ್ಲ. ಅವರು ಕಟ್ಟಿನಲ್ಲಿ ಉಳಿದಿದ್ದ ಪ್ಯಾಕೆಟ್ಟುಗಳನ್ನು ನನ್ನ ಕಡೆ ಚಾಚಿದರು. "ನಿನ್ನ ಕೈ ಹಸಿ ಅದ. ಇವನ್ನಿಷ್ಟು ಬಾಯಿ ಬಿಡಿಸಿ ಕೊಡವಾ."

ನನ್ನ ಹಸಿ ಕೈ ಬೇಕು, ನಾನು ಕೈ ಅದ್ದಿದ ನೀರು ಬೇಡ. ಎಂಥ ಜಾಣತನ!

"ಬಿಡಿಸಿ ಕೊಡಾಂಗಿಲ್ಲರಿ ಕಾಕು," ಎಂದೆ. "ನೀರು ಇಲ್ಲೇ ಐತಿ."

"ಭಾಳ ಹಟಮಾರಿ ಇದ್ದೀ ನೀನು."

"ಹೌದ್ರಿ."

ಹಾರ್ನು ಮತ್ತೊಮ್ಮೆ ಆಯಿತು. ಕಾಕು ಬಾಗಿಲ ಚೌಕಟ್ಟು ಹಿಡಿದು ಎದ್ದರು. ಮೊಣಕಾಲಿನ ನೋವು ಸುಳ್ಳಾಗಿರಲಿಲ್ಲ, ಕೆಳಗೆ ಕೂರುವಾಗ ತುಟಿ ಕಚ್ಚಿಕೊಂಡರು. ನನ್ನ ಪಕ್ಕದಲ್ಲೇ ಕುಳಿತರು, ಬೇರೆ ಜಾಗ ಇರಲಿಲ್ಲ. ಬಟ್ಟಲಿನತ್ತ ಕೈ ಚಾಚಿ ನೋಡಿದರೆ ತಳದಲ್ಲಿ ಒಂದು ಗುಟುಕು ಮಾತ್ರ ಉಳಿದಿತ್ತು. ದಿನವಿಡೀ ನಾಲ್ವರು ಅದ್ದಿದ್ದೆವು. ಕಾಕು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಬಟ್ಟಲನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಹೋಗು, ತುಂಬ್ಕೊಂಡು ಬಾ."

ಅಡುಗೆಮನೆಯ ಹೊಸ್ತಿಲನ್ನು ಅಲ್ಲಿಯವರೆಗೆ ನಾನು ದಾಟಿರಲಿಲ್ಲ. ದಾಟಿದೆ. ಒಳಗೆ ವಿಶೇಷವೇನೂ ಇರಲಿಲ್ಲ. ಒಂದು ಕಟ್ಟೆ, ಒಂದು ತಾಮ್ರದ ಕೊಡ, ನಮ್ಮ ಮನೆಯಲ್ಲಿರುವಂಥದ್ದೇ ಒಂದು ಫಿಲ್ಟರು. ನಲ್ಲಿ ಬಿಟ್ಟು ಅಲ್ಲ, ಕೊಡದೊಳಗೇ ಬಟ್ಟಲು ಮುಳುಗಿಸಿ ತುಂಬಿದೆ. ಕಣ್ಣು ತುಂಬಿ ಬಂತು ಎಂದು ಯಾರೂ ತಿಳಿಯಬೇಡಿ. ಉಪಕಾರವಾಯಿತು ಎಂದೂ ನನಗೆ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ.

ತಂದು ನಡುವೆ ಇಟ್ಟೆ. ಕಾಕು ಕೈ ಮುಂದೆ ಮಾಡಿದರು.

"ತಡೀರಿ," ಎಂದೆ.

ಮೊದಲು ನಾನು ಅದ್ದಿದೆ. ಆಮೇಲೆ ಅವರು ಅದ್ದಿದರು.